ಮಣ್ಣಿನ ಮಗಳ ಫೋಟೊ

"ಆ ಮೊರ ಕೆಳಗಿಡು ಅತ್ತೆ. ಧೂಳೆಲ್ಲ ಕ್ಯಾಮರಾದೊಳಕ್ಕೆ ಹೋಗ್ತದೆ," ಎಂದ ಅನಂತರಾಜು.

ನಿಟ್ಟೂರಿನ ಕಣದಲ್ಲಿ ರಾಗಿ ತೂರುತ್ತಿದ್ದ ಸೋದರತ್ತೆ ಚಿಕ್ಕಗಂಗಮ್ಮ ಕೈ ನಿಲ್ಲಿಸಲಿಲ್ಲ. "ಮೂರು ದಿನದ ಮೇಲೆ ಇವತ್ತು ಗಾಳಿ ಬಂದೈತೆ. ಧೂಳು ಹಾರ್ದೆ ರಾಗಿ ಹೆಂಗ್ಲಾ ಹಸನಾಗ್ತದೆ?"

ಅನಂತರಾಜುವಿನ ಕಷ್ಟ ಆಕೆಗೇನು ಗೊತ್ತು. ತುಮಕೂರಿನಲ್ಲಿ ಮದುವೆ ಫೋಟೊ ತೆಗೆದು ತೆಗೆದು ಬೇಸತ್ತವನು, ಇನ್ನು ಕಲೆಗೇ ಬದುಕು ಮುಡಿಪು ಎಂದು, ಅಂಗೈ ಅಗಲದ ಫಿಲಂ ಹಾಕುವ ಹಳೆಯ ಮರದ ಕ್ಯಾಮರಾ ಕೊಂಡಿದ್ದ. ಫಿಲಂ ಮೇಲೆ ಒಂದು ಚೂರು ಧೂಳು ಕೂತರೂ ಫೋಟೊದಲ್ಲಿ ಕರಿಚುಕ್ಕೆ. ಅದಕ್ಕೇ ಬಚ್ಚಲಮನೆಯಲ್ಲಿ ಬಿಸಿನೀರು ಬಿಟ್ಟು, ಆವಿಗೆ ಧೂಳೆಲ್ಲ ನೆಲ ಕಚ್ಚಿದ ಮೇಲೆ, ದೀಪ ಆರಿಸಿ, ಬಟ್ಟೆಯ ಎಳೆಯೂ ಉದುರದಂತೆ ಬನಿಯನ್ ಕೂಡ ಕಳಚಿ ಫಿಲಂ ತುಂಬುತ್ತಿದ್ದ. "ದೇವರ ಮನೆಗೂ ಇಷ್ಟು ಮಡೀಲಿ ಹೋದೋರಲ್ಲ," ಎನ್ನುತ್ತ ಹೆಂಡತಿ ಪ್ರಮೀಳಾ ಟವೆಲ್ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು.

ಈಗ ತುಮಕೂರಿನಲ್ಲಿ ನಡೆಯುವ ಬಹುಮಾನದ ಪ್ರದರ್ಶನವೊಂದಕ್ಕೆ ಫೋಟೊ ಬೇಕಿತ್ತು. ವಿಷಯ, 'ಮಣ್ಣಿನ ಮಗಳು'. ಮಗಳೇನೋ ಸಿಕ್ಕಿದ್ದಳು, ಮಣ್ಣಿನದೇ ತೊಂದರೆ.

ಅನಂತರಾಜು ಪೈಪ್ ಎಳೆದು ತಂದು ಕಣದ ಸುತ್ತ ನೀರು ಬಿಟ್ಟ. ಧೂಳು ಅಡಗಿತು. ನೀರು ಮಾತ್ರ ನಿಲ್ಲದೆ ರಾಶಿಯ ಬುಡಕ್ಕೆ ಹರಿಯಿತು. ಚಿಕ್ಕಗಂಗಮ್ಮ ಓಡಿ ಬಂದು ಒದ್ದೆ ರಾಗಿಯನ್ನು ಎರಡೂ ಕೈಯಲ್ಲಿ ಬಾಚಿ ಪಕ್ಕಕ್ಕೆ ಹಾಕತೊಡಗಿದಳು.

"ಒಣಗ್ತದೆ ಬಿಡತ್ತೆ. ಮುಖ ತೊಳ್ಕೊಂಡು ರೇಷ್ಮೆ ಸೀರೆ ಉಟ್ಕೊ. ಹತ್ತಿ ಸೀರೆ ಆದ್ರೆ ಎಳೆ ಉದುರ್ತದೆ."

ಆಕೆ ಅವನನ್ನೊಮ್ಮೆ ನೋಡಿದಳು. ಅಷ್ಟು ದೂರದಿಂದ ಬಂದ ಅಣ್ಣನ ಮಗ. ಕೈ ಒರೆಸಿಕೊಂಡು ಒಳಗೆ ಹೋದಳು. ಸೀರೆಯುಟ್ಟು ಬಂದು ಕುರ್ಚಿಯ ಮೇಲೆ ಕೂರುವಷ್ಟರಲ್ಲಿ ಗಾಳಿಯೂ ಬಿದ್ದುಹೋಗಿತ್ತು. ತನ್ನ ಅದೃಷ್ಟವೇ ಅದೃಷ್ಟ ಎಂದುಕೊಂಡ ಅನಂತರಾಜು.

ಮೊದಲ ಬಹುಮಾನ ಬಂತು. ತೀರ್ಪುಗಾರರು ಭೂತಗನ್ನಡಿ ಹಿಡಿದು ಹುಡುಕಿದರೂ ಒಂದು ಚುಕ್ಕೆ ಸಿಗಲಿಲ್ಲವಂತೆ. ಅನಂತರಾಜು ಅತ್ತೆಯನ್ನು ತುಮಕೂರಿಗೆ ಕರೆತಂದು, ಬಾಗಿಲೆತ್ತರದ ಆ ಫೋಟೊದ ಮುಂದೆ ನಿಲ್ಲಿಸಿದ. ಏನನ್ನುತ್ತಾಳೋ ಎಂದು ಅವಳ ಮುಖವನ್ನೇ ನೋಡುತ್ತ ನಿಂತ.

ಚಿಕ್ಕಗಂಗಮ್ಮ ಫೋಟೊವನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಲಕ್ಷಣವಾಗವ್ಳೆ ಬುಡು," ಎಂದಳು. ಆಮೇಲೆ ಅವನ ಕಡೆ ತಿರುಗಿ ಕೇಳಿದಳು, "ಈಯಮ್ಮನ ಮನೆ ರಾಗಿ ಯಾರ್ಲಾ ತೂರೋದು?"