ಕಿವಿಗೆ ಹಿಡಿದ ಬ್ಯಾಟರಿ

ನಿನ್ನೆ ಮಗಳ ರಿಮೋಟ್ ರೇಸ್ ಕಾರಿಗೆ ಬ್ಯಾಟರಿ ಕೊಳ್ಳುವಾಗ, ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿಬಿಟ್ಟೆ. ಅಂಗಡಿಯವನು ನಕ್ಕ.

ನಾನು ಚಿಕ್ಕವನಿದ್ದಾಗ ನನ್ನ ಕಾರಿಗೆ ಬ್ಯಾಟರಿ ಆರಿಸಿದ್ದು ತಾತ. ಅವನು ನಾಗಮಂಗಲದ ತೆಂಗಿನಕಾಯಿ ವ್ಯಾಪಾರಿ. ಸಂಜೆಗೆ ಅರಕೆರೆಯ ಮಾವನ ಮಗನೊಡನೆ ನನ್ನ ಪಂದ್ಯವಿತ್ತು. ಅಂದಿನ ಅಂಗಡಿಯವನು ಮುಂದಿಟ್ಟ ಎರಡು ಬಗೆಯ ಬ್ಯಾಟರಿಗಳನ್ನೂ ತಾತ ಕಿವಿಯ ಬಳಿ ಅಲ್ಲಾಡಿಸಿ, ಉಗುರಿನಿಂದ ತಟ್ಟಿ, ಅಂಗೈಯಲ್ಲಿ ತೂಗಿದ.

"ಅಗುರಾದ್ದೇ ಜೋರಾಗಿ ಓಡೋದು, ಯಜಮಾನ್ರೇ," ಎಂದ ಅಂಗಡಿಯವನು.

"ನಂಗೇಳ್ಕೊಡ್ಬ್ಯಾಡ ಕಣಪ್ಪ. ತೂಕ ಇದ್ರೇನೇ ಒಳಗೆ ತಿರುಳಿರೋದು," ಎಂದು ತಾತ ಇಟ್ಟಿಗೆಯಂಥದ್ದನ್ನೇ ಕೊಂಡ.

ಮಾವನ ಮಗನ ಕಾರು ಕಣದಲ್ಲಿ ಮೂರು ಸುತ್ತು ಮುಗಿಸಿದಾಗ ನನ್ನದು ಒಂದನ್ನೂ ಮುಗಿಸಿರಲಿಲ್ಲ. ನಾನು ಅಳತೊಡಗಿದೆ. ಬೆನ್ನ ಹಿಂದೆ ಕೈ ಕಟ್ಟಿ ಕಾರಿನ ಪಕ್ಕದಲ್ಲೇ ನಡೆಯುತ್ತಿದ್ದ ತಾತ, ಎಲ್ಲರಿಗೂ ಕೇಳುವಂತೆ ಹೇಳಿದ:

"ಅಳ್ಬ್ಯಾಡ ಕಣ್ಲಾ. ಅವನ್ದು ನಾಯಿ ಅಟ್ಟಿಸ್ಕಂಡ್ ಬಂದಂಗೆ ಓಡೋಯ್ತು. ನಮ್ದು ನೋಡು, ಮದ್ವೆಗಂಡು ನಡ್ದಂಗೆ ನಡೀತಾ ಅದೆ!"