ಎದುರುಮನೆಯ ಗೇಟು

ಬೆಳಗ್ಗೆ ಕಣ್ಣುಜ್ಜಿಕೊಂಡು ಹೊರಗೆ ಬಂದ ಮಗ "ಅಯ್ಯಯ್ಯೋ!" ಎಂದು ಕೂಗಿದ. ಕಾರು ಮತ್ತೆ ಇಳಿಜಾರಿನಲ್ಲಿ ಜಾರಿ, ಎದುರುಮನೆಯ ಗೇಟಿಗೆ ಮೂತಿ ಆನಿಸಿ ನಿಂತಿತ್ತು. ಗೇಟಿನ ಮುಂದಿದ್ದ ಗುಲಾಬಿ ಕುಂಡಗಳಲ್ಲಿ ಒಂದು ಹೋಳಾಗಿತ್ತು.

"ಅಪ್ಪಾ, ನೀವೇ ಹೋಗಿ ಕ್ಷಮೆ ಕೇಳಿ ಬನ್ನಿ. ಆ ಮನೆ ಟೀಚರ್ ನನಗೆ ಲೆಕ್ಕ ಕಲಿಸಿದೋರು. ಈಗ್ಲೂ ಎದುರಿಗೆ ನಿಂತ್ರೆ ಮಗ್ಗಿ ಮರೆತುಹೋಗುತ್ತೆ."

ಅಪ್ಪನನ್ನು ಓಣಿಯವರೆಲ್ಲ ಡ್ರೈವರಪ್ಪ ಎನ್ನುತ್ತಿದ್ದರು. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದವನು. ಎಂಥ ಏರಿನಲ್ಲೂ ಅವನ ಬಸ್ಸು ಗೇಣುದ್ದ ಹಿಂದಕ್ಕೆ ಜಾರಿದ್ದಿಲ್ಲ. ಅಂಥವನ ಮನೆಯ ಕಾರೇ ಹೀಗೆ ಕಂಡವರ ಗೇಟಿಗೆ ಹಾಯುವುದೆಂದರೆ ನಾಚಿಕೆಗೇಡು! ಹಾಗೆಂದು ಬಾಯಲ್ಲಿ ಹೇಳುತ್ತಲೇ ಅವನು ಕನ್ನಡಿಯ ಮುಂದೆ ನಿಂತು, ಬಾಚಿದ ತಲೆಯನ್ನೇ ಮತ್ತೆ ಬಾಚಿಕೊಂಡ.

"ಮಾವ, ಬೈಸಿಕೊಳ್ಳೋಕೆ ಇಷ್ಟೊಂದು ಅಲಂಕಾರಾನಾ?" ಎಂದಳು ಸೊಸೆ.

"ಬೈಸಿಕೊಂಡ್ರೂ ಮರ್ಯಾದೆಯಾಗಿ ಬೈಸಿಕೋಬೇಕಮ್ಮ."

ನಿಜ ಏನಪ್ಪಾ ಅಂದರೆ, ಟೀಚರಮ್ಮನ ಬೈಗುಳ ಅವನಿಗೆ ಹಿಡಿಸಿಬಿಟ್ಟಿತ್ತು. ಹೆಂಡತಿ ತೀರಿಹೋದ ಮೇಲೆ ಅವನಿಗೆ ಎದುರಾಡುವವರೇ ಇರಲಿಲ್ಲ. ಏನೇ ಹೇಳಲಿ, "ಆಯ್ತಪ್ಪ", "ಸರಿ ಮಾವ". ಮನೆಯಲ್ಲಿ ಎಲ್ಲವೂ ಇತ್ತು, ಜಗಳವೊಂದಿರಲಿಲ್ಲ. ಟೀಚರಮ್ಮ ಹಾಗಲ್ಲ. ಒಂಟಿ ಹೆಂಗಸು. ಕೆಲಸದಿಂದ ನಿವೃತ್ತಿಯಾಗಿದ್ದರೂ ಗಂಟಲಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಮೊದಲು ಗೇಟಿನಲ್ಲೇ ನಿಲ್ಲಿಸಿ, ಕೊನೆಬೆಂಚಿನ ಹುಡುಗನಿಗೆ ಬೈದ ಹಾಗೆ ಬೈಯುವಳು. ಬೈದು ಬೈದು ಗಂಟಲೊಣಗಿದ ಮೇಲೆ ಚಹಾ ಕಾಸುವಳು. ಕಾಸಿದ ಮೇಲೆ ಒಬ್ಬಳೇ ಕುಡಿಯಲಾದೀತೆ? ಚಹಾ ಮುಗಿದರೂ ವಾದ ಮುಗಿಯುತ್ತಿರಲಿಲ್ಲ. ಅವಳ ಪ್ರಕಾರ ಅವನು ಹೇಳಿದ್ದೆಲ್ಲ ತಪ್ಪು. ಡ್ರೈವರಪ್ಪ ಸಿಳ್ಳೆ ಹಾಕುತ್ತ ಮನೆಗೆ ಬರುತ್ತಿದ್ದ.

ಸುಮ್ಮಸುಮ್ಮನೆ ಹೋಗಿ ಬಾಗಿಲು ತಟ್ಟುವ ಧೈರ್ಯ ಮಾತ್ರ ಅವನಿಗಿರಲಿಲ್ಲ. ಏನೆಂದು ಹೇಳುವುದು? ನೋಡಿದವರು ಏನೆಂದಾರು? ಅಪರಾಧವೊಂದಿದ್ದರೆ ತಲೆಯೆತ್ತಿಕೊಂಡು ಹೋಗಬಹುದು.

ಆದರೆ ಈ ಸಲದ ಬೈಗುಳ ಓಣಿಯ ತುದಿಯವರೆಗೂ ಕೇಳಿಸಿತು. "ಇನ್ನೊಂದು ಸಲ ಈ ಡಬ್ಬ ನನ್ನ ಗೇಟು ಮುಟ್ಟಿದ್ರೆ ಪೊಲೀಸ್ರನ್ನ ಕರೀತೀನಿ!" ಮಗ ಹೆದರಿ ಅಂದೇ ಮೆಕ್ಯಾನಿಕ್ಕನನ್ನು ಕರೆಸಿದ.

ಮೆಕ್ಯಾನಿಕ್ ಕಾರಿನಡಿ ತೂರಿಕೊಂಡು, ಎಳೆ ಎಳೆ ಬಿಟ್ಟಿದ್ದ ಹ್ಯಾಂಡ್‌ಬ್ರೇಕ್ ಕೇಬಲ್ಲನ್ನು ಎಳೆದು ತೋರಿಸಿದ. "ಇದು ಇಷ್ಟು ದಿನ ಹಿಡಿದಿದ್ದೇ ಹೆಚ್ಚು." ಹೊಸ ಕೇಬಲ್ ಹಾಕಿದ. ಸವೆದ ಬ್ರೇಕ್ ಶೂಗಳನ್ನು ಬದಲಿಸಿದ. ಬ್ರೇಕ್ ಎಳೆದು ಎಲ್ಲರೂ ಸೇರಿ ನೂಕಿದರು. ಕಾರು ಜಪ್ಪಯ್ಯ ಅನ್ನಲಿಲ್ಲ.

"ಇನ್ನು ಆನೆ ಬಂದ್ರೂ ಅಷ್ಟೇ. ಆದ್ರೂ ಗೇರಲ್ಲಿ ನಿಲ್ಲಿಸಿ ಸಾರ್. ಬಾಗಿಲಿನ ಲಾಕೂ ಕೆಟ್ಟಿದೆ, ಮಾಡ್ಲಾ?"

"ಹೊಸ ಬ್ರೇಕ್ ಇರೋವಾಗ ಗೇರ್ ಯಾಕೆ? ಲಾಕೂ ಬೇಡ. ಈ ಗುಜರೀನ ಯಾವ ಕಳ್ಳ ಮುಟ್ತಾನೆ?" ಎಂದು ಮಗ ನಕ್ಕ.

ಟೀಚರಮ್ಮ ಗಿಡಕ್ಕೆ ನೀರು ಹಾಕುವ ಡಬ್ಬಿ ಹಿಡಿದು ಎದುರಿನ ಗೇಟಿನಲ್ಲಿ ನಿಂತಿದ್ದಳು. ಡಬ್ಬಿಯ ನೀರು ಅವಳ ಚಪ್ಪಲಿಗೇ ಬೀಳುತ್ತಿತ್ತು.

"ರಿಪೇರಿ ಆಯ್ತಾ?"

"ಆಯ್ತು," ಎಂದ ಡ್ರೈವರಪ್ಪ.

"ಇನ್ನು ಜಾರೋದೇ ಇಲ್ವಾ?"

"ಇಲ್ಲ."

"ಖಂಡಿತಾ?"

"ಖಂಡಿತ."

"ಸದ್ಯ!" ಎಂದವಳೇ ಒಳಗೆ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಂಡಳು.

ಸಂಜೆ ಡ್ರೈವರಪ್ಪ ಒಬ್ಬನೇ ಕಾರಿನಲ್ಲಿ ಕುಳಿತ. ಕೈ ತಾನಾಗಿ ಹ್ಯಾಂಡ್‌ಬ್ರೇಕಿನ ಮೇಲೆ ಹೋಯಿತು. ಗುಂಡಿ ಒತ್ತಿ ಇಳಿಸಿದರೆ ಸಾಕು, ನಾಳೆ ಬೈಗುಳ, ಚಹಾ, ವಾದ. ಹೆಬ್ಬೆರಳು ಗುಂಡಿಯನ್ನು ಮುಟ್ಟಿತು. ಆದರೆ ಇಳಿಜಾರಿನಲ್ಲಿ ಬ್ರೇಕ್ ಬಿಡುವವನು ಎಂಥ ಡ್ರೈವರ್? ಥೂ ನಿನ್ನ, ಮುದುಕ, ಎಂದು ತನ್ನನ್ನೇ ಬೈದುಕೊಂಡು, ಬ್ರೇಕನ್ನು ಕಟಕಟ ಎನ್ನುವ ಹಾಗೆ ಇನ್ನಷ್ಟು ಮೇಲಕ್ಕೆಳೆದು ಇಳಿದುಬಂದ.

ಬೆಳಗ್ಗೆ ಕಾರು ಎದುರುಮನೆಯ ಗೇಟಿನಲ್ಲಿತ್ತು.

ಮಗ ಬೈಯಲೆಂದೇ ಕರೆಸಿದ ಮೆಕ್ಯಾನಿಕ್ ಕಾರಿನೊಳಗೆ ತಲೆ ತೂರಿಸಿ ನೋಡಿದ. "ಬ್ರೇಕ್ ಫೇಲ್ ಆಗಿಲ್ಲ ಸಾರ್. ಯಾರೋ ಇಳಿಸಿದ್ದಾರೆ."

ಮೂವರೂ ಡ್ರೈವರಪ್ಪನ ಕಡೆ ತಿರುಗಿದರು.

"ಅಪ್ಪಾ, ನಿನ್ನೆ ಸಂಜೆ ನೀವು ಕಾರಲ್ಲಿ ಕೂತಿದ್ರಲ್ಲ?"

"ನಾನು ಮೇಲಕ್ಕೆ ಎಳೆದೆ ಕಣೋ!"

"ಇರಲಿ ಬಿಡ್ರೀ, ವಯಸ್ಸಾಯ್ತು," ಎಂದು ಸೊಸೆ ಗಂಡನ ಕಿವಿಯಲ್ಲಿ ಹೇಳಿದ್ದು ಡ್ರೈವರಪ್ಪನಿಗೂ ಕೇಳಿಸಿತು. ಅವನಿಗೆ ಅಳು ಬರುವಂತಾಯಿತು. ಎಳೆದೆನೋ, ಇಳಿಸಿದೆನೋ? ಮನಸ್ಸು ಬೇಡವೆಂದರೂ ಕೈ ಕದ್ದು ಕೆಲಸ ಮಾಡಿತೇ? ಈ ಸಲ ಅವನು ತಲೆ ಬಾಚಿಕೊಳ್ಳದೆಯೇ ಓಣಿ ದಾಟಿದ.

ಗೇಟಿನ ಮುಂದಿನ ಗುಲಾಬಿ ಕುಂಡಗಳೆಲ್ಲ ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದವು. ಒಡೆದದ್ದು ಒಂದು ಹಳೆಯ ಖಾಲಿ ಕುಂಡ. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಎರಡು ಲೋಟಗಳಲ್ಲಿ ಚಹಾ ಹಬೆಯಾಡುತ್ತಿತ್ತು. ಮನೆಯೆಲ್ಲ ನೋವಿನ ಮುಲಾಮಿನ ವಾಸನೆ. ವಿಚಿತ್ರವೆಂದರೆ, ಟೀಚರಮ್ಮ ಬೈಯಲೇ ಇಲ್ಲ.

"ತಪ್ಪಾಯ್ತು ಟೀಚರ್," ಎಂದ ಡ್ರೈವರಪ್ಪ. "ಪೊಲೀಸ್ರನ್ನ ಕರೀರಿ ಬೇಕಾದ್ರೆ. ಬ್ರೇಕ್ ಎಳೆದಿದ್ನೋ ಇಳಿಸಿದ್ನೋ ನನಗೇ ಗೊತ್ತಾಗ್ತಿಲ್ಲ. ವಯಸ್ಸಾಯ್ತು ಅನ್ಸುತ್ತೆ."

ಟೀಚರಮ್ಮ ಒಂದು ಲೋಟವನ್ನು ಅವನ ಕಡೆ ಸರಿಸಿ, ತನ್ನ ಮಣಿಕಟ್ಟು ನೀವಿಕೊಂಡಳು. "ಎಳೆದಿದ್ರಿ, ಅನುಮಾನ ಬೇಡ. ಇಳಿಸೋಕೆ ನನಗೆ ಎರಡೂ ಕೈ ಬೇಕಾಯ್ತು."