ಎಂಟು ಗಂಟೆಯ ಆಫೀಸು

ಬಿತ್ತನೆ ಬೀಜದ ಕಂಪನಿಯ ಆ ಆಫೀಸಿನಲ್ಲಿ ಕೆಲಸಕ್ಕಿದ್ದವರು ಹನ್ನೊಂದು ಜನ. ಅವರಲ್ಲಿ ಹತ್ತು ಮಂದಿ ದಿನವೂ ಎಂಟು ಗಂಟೆಯ ತನಕ ಕೂತಿರುತ್ತಿದ್ದರು. ಪಂಕಜಾಕ್ಷಿ ಮಾತ್ರ ಐದು ಹೊಡೆಯುತ್ತಿದ್ದಂತೆ ಮೇಜು ಒರೆಸಿ, ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಹೆಡ್ ಕ್ಲರ್ಕ್ ಹುದ್ದೆಗೆ ಅವಳೂ ಅರ್ಜಿ ಹಾಕಿದಾಗ ಮ್ಯಾನೇಜರ್ ತಿಪ್ಪೇಸ್ವಾಮಿ ಅವಳನ್ನು ಒಳಗೆ ಕರೆಸಿದರು.

"ಏನಮ್ಮಾ, ಎಲ್ಲರೂ ಎಂಟರ ತನಕ ದುಡೀತಾರೆ. ನೀವು ಐದಕ್ಕೇ ಮಾಯ. ನಿಮ್ಮ ಹೆಸರು ನಾನು ಹೇಗೆ ಬರೆದು ಕಳಿಸ್ಲಿ?"

"ನನ್ನ ಕೆಲಸ ಏನಾದ್ರೂ ಬಾಕಿ ಇದೆಯಾ ಸರ್?"

ತಿಪ್ಪೇಸ್ವಾಮಿ ಬಾಕಿ ಕಡತಗಳ ಪಟ್ಟಿ ತಿರುವಿ ಹಾಕಿದರು. ಮೂರು ಪುಟದಲ್ಲಿ ಎಲ್ಲೂ ಅವಳ ಹೆಸರಿರಲಿಲ್ಲ.

"ಹಾಗಾದ್ರೆ ಉಳಿದವರು ಎಂಟರ ತನಕ ಮಾಡೋದೇನು?"

ಹೇಳಿದರೆ ಬಡ್ತಿ ಕೈತಪ್ಪಬಹುದು ಎಂದು ಪಂಕಜಾಕ್ಷಿಗೆ ಅನಿಸಿತು. ಆದರೂ ಹೇಳಿದಳು.

"ಬೇಜಾರು ಮಾಡ್ಕೋಬೇಡಿ ಸರ್. ಹೇಗೂ ಎಂಟರ ತನಕ ಇರ್ಬೇಕಲ್ಲ ಅಂತ ಬೆಳಿಗ್ಗೆಯಿಂದ್ಲೇ ಕೆಲಸ ಎಳೀತಾರೆ. ನಾಲ್ಕು ಸಲ ಟೀಗೆ ಹೋಗ್ತಾರೆ, ಒಂದು ಕಾಗದಾನ ಮಧ್ಯಾಹ್ನದ ತನಕ ಬರೀತಾರೆ."

"ಎಂಟರ ತನಕ ಇರ್ಬೇಕು ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಿಮಗಿಂತ ಮೊದಲು ಎದ್ದು ಹೋದ್ರೆ ನೀವು ಏನಂದ್ಕೋತೀರೋ ಅಂತ ಅವರಿಗೆ ಭಯ."

ತಿಪ್ಪೇಸ್ವಾಮಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಯ್ಯೋ, ಅಷ್ಟು ಜನ ದುಡೀತಾ ಇರುವಾಗ ನಾನೊಬ್ಬ ಹೇಗಮ್ಮಾ ಎದ್ದು ಹೋಗ್ಲಿ ಅಂತ, ಆರು ವರ್ಷದಿಂದ ಇಲ್ಲಿ ಹಳೇ ಪೇಪರ್ ಓದ್ತಾ ಕೂತಿದ್ದೀನಿ!"